ನಲವತ್ತೊಂದನೆಯ ಸಾಲು

೩ ಫೆಬ್ರವರಿ, ಸೋಮವಾರ. ಬೆಳಿಗ್ಗೆ ೬.೧೦
ಎಂದಿನ ನಡಿಗೆ. ಜಿಗಣಿ ಕಡೆಯಿಂದ ಟೋಲ್ ರಸ್ತೆಯ ತಡೆಗೋಡೆ ಇನ್ನಷ್ಟು ಮುಂದೆ ಬಂದಿದೆ. ಊರಿನಿಂದ ಶಾಲೆಗೆ ದಾಟಲು ಉಳಿದಿರುವುದು ಒಂದೇ ಕಿಂಡಿ. ಅಲ್ಲಿ ಬರಬೇಕಿದ್ದ ಅಂಡರ್‌ಪಾಸ್‌ನ ಕುರುಹೇ ಇಲ್ಲ.
ಪಕ್ಕದ ಮನೆಯ ಸೊಣ್ಣಮ್ಮ ತಡೆದು ಕೇಳಿದಳು: “ಗ್ವಾಡೆ ಮುಚ್ಚುದ್ರೆ ನನ್ ಮೊಮ್ಮಗ್ಳು ಇಸ್ಕೂಲಿಗೆ ಆರ್ಕೊಂಡ್ ಓಗ್ಬೇಕಾ ಮೇಡಂ?”

೪ ಫೆಬ್ರವರಿ
ಹೆದ್ದಾರಿ ಪ್ರಾಧಿಕಾರದ ಸೈಟ್ ಆಫೀಸು. ಎಂಜಿನಿಯರ್ ನಂದೀಶ್, ವಿನಯವಂತ. “ಅಂಡರ್‌ಪಾಸ್ ಡ್ರಾಪ್ ಮಾಡೋಕೆ ನಿಮ್ಮೂರೋರೇ ಒಪ್ಪಿದ್ದಾರೆ ಮೇಡಂ. ಪಬ್ಲಿಕ್ ಹಿಯರಿಂಗ್‌ದು ನೂರಹನ್ನೆರಡು ಸೈನ್ ಇದೆ. ಟೋಲಿಗೆ ಲೋಕಲ್ ಪಾಸ್ ಕೊಡ್ತೀವಲ್ಲ.”
ನನಗೆ ವಾಹನವಿಲ್ಲ, ಶಾಲೆಯ ಮಕ್ಕಳಿಗೂ ಇಲ್ಲ ಎಂದೆ. ಸಹಿಗಳ ಪ್ರತಿ ಕೋರಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು ಬಂದೆ.

೭ ಮಾರ್ಚ್
ಪ್ರತಿ ಬಂದಿತು.
ಆ ಹಿಯರಿಂಗ್ ಸಭೆಯ ದಿನ ಉಪ್ಪಿಟ್ಟಿನ ಪೊಟ್ಟಣಕ್ಕೆಂದು ಸಾಲಾಗಿ ನಿಂತು ಸಹಿ ಹಾಕಿದ್ದೆವು. ಹಾಳೆಯ ತಲೆ ಆಗ ಖಾಲಿ. ಈಗ ಅಲ್ಲಿ ‘ಒಪ್ಪಿಗೆ’ ಎಂದು ಟೈಪಾಗಿದೆ.
ನಲವತ್ತೊಂದನೆಯ ಸಾಲು ನನ್ನದು. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಬರೆದ ಕೈ. ಕಾರಣ ಬರೆಯದೆ ಸಹಿ ಹಾಕದು. ಪಕ್ಕದಲ್ಲೇ ಇದೆ: ‘ಉಪ್ಪಿಟ್ಟು, ಒಂದು ಪೊಟ್ಟಣ. ೧೧.೪೦.’
ಆದರೆ ಉಳಿದವರು ಖಾಲಿ ಹಾಳೆಗೆ ಸಹಿ ಹಾಕುವಾಗ ಸುಮ್ಮನೆ ನಿಂತಿದ್ದೆನಲ್ಲ... ಆ ತಪ್ಪು ನನ್ನದೇ.
ಸೊಣ್ಣಮ್ಮನಿಗೆ ಓದಿ ಹೇಳಿದೆ. “ಅದ್ರಾಗೆ ಉಪ್ಪೂ ಇರ್ಲಿಲ್ಲ,” ಎಂದಳು.

೧೦ ಮಾರ್ಚ್
ಮತ್ತೆ ಸೈಟ್ ಆಫೀಸು. ನಂದೀಶ್ ಹಾಳೆ ನೋಡಿದ. ನನ್ನ ಸಾಲಿನ ಮೇಲೆ ಬೆರಳಿಟ್ಟ. “ನಿಮ್ಮೊಬ್ರ ಹೆಸರು ತೆಗ್ದ್‌ಬಿಡ್ತೀನಿ ಮೇಡಂ. ನೂರಹನ್ನೊಂದು ಸಾಕು.”
“ಒಂದು ಸಾಲು ಉಪ್ಪಿಟ್ಟಾದರೆ ಇಡೀ ಪಟ್ಟಿ ಉಪ್ಪಿಟ್ಟೇ.”
“ನಾಳೆ ಕಿಂಡಿ ಕ್ಲೋಸ್. ಮೇಲಿಂದ ಆರ್ಡರ್.”
“ನಾಳೆ ನಾನೂ ಬರುತ್ತೇನೆ. ಕುರ್ಚಿ ತರುತ್ತೇನೆ.”

೧೧ ಮಾರ್ಚ್. ೭.೨೦
ಕಿಂಡಿಯ ನಡುವೆ ಕುರ್ಚಿ. ಎದುರಿಗೆ ಕ್ರೇನ್. ಬೊಮ್ಮಸಂದ್ರದ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ, ಹೊಡೆಯಲಿ. ಮಕ್ಕಳು ನನ್ನ ಪಕ್ಕದಿಂದಲೇ ದಾಟಿ ಹೋದರು. ಊರಿನವರು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತಿದ್ದಾರೆ.

೯.೦೫
ನಂದೀಶ್ ಕಾಗದ ತಂದ. “ಮತ್ತೆ ಹಿಯರಿಂಗ್ ಮಾಡ್ತಾರಂತೆ. ಎಲ್ರೂ ಕೆಳಗೆ ಸೈನ್ ಹಾಕಿ ಎದ್ದೇಳಿ, ಮ್ಯಾಟರ್ ಆಮೇಲೆ ಟೈಪ್ ಮಾಡಿಸ್ತೀನಿ.”
ನಾನು ಬಾಯಿ ತೆರೆಯುವ ಮೊದಲೇ ಸೊಣ್ಣಮ್ಮ ಮುಂದೆ ಬಂದಳು. “ಏನಕ್ಕೆ ಅಂತ ಮೊದ್ಲು ಬರೀರಿ ಸಾಮಿ. ಆಮ್ಯಾಕೆ ನನ್ ಎಬ್ಬೆಟ್ಟು.”
ನಂದೀಶ್ ಕ್ರೇನಿನ ಚಕ್ರಕ್ಕೆ ಹಾಳೆ ಒತ್ತಿ ಬರೆಯುತ್ತಿದ್ದಾನೆ. ಮೊದಲ ಸಾಲಿನಲ್ಲಿ ಅಂಡರ್‌ಪಾಸ್ ಬಂದಿದೆ. ಎರಡನೆಯದರಲ್ಲಿ ಹಿಯರಿಂಗ್‌ನ ದಿನಾಂಕ ಬೇಕು, ಕುರ್ಚಿಯಿಂದ ಏಳದೆಯೇ ಹೇಳಿ ಬರೆಸುತ್ತೇನೆ.