ನಮ್ಮ ಮನೆಯವರು ಬರುವ ತನಕ

ಫರೀದಾಬಾದ್
ಭಾನುವಾರ, ಜೂನ್ ೧೫, ೨೦೨೫

ಪ್ರೀತಿಯ ಇಂದಿರಕ್ಕನವರಿಗೆ ಸೋಮಶೇಖರನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರೂ ಹಪ್ಪಳ ಒಣಗಿಸುವ ನೆಪದಲ್ಲಿ ದಿನಾ ಮಹಡಿಗೆ ಹೋಗಿಬರುತ್ತೀರೆಂದು ಗುರುರಾಜ ಮೊನ್ನೆ ಫೋನಿನಲ್ಲಿ ತನ್ನ ಅಮ್ಮನ ಮೇಲೆ ದೂರು ಹೇಳಿದ. ಭಾವನವರಿಗೆ ಆಪರೇಷನ್ ಆದಮೇಲೆ ಪೇಪರು ಓದುವಷ್ಟು ಕಣ್ಣು ಕಾಣುತ್ತಿದೆಯೇ? ಹರಿಹರದಲ್ಲಿ ಮಳೆ ಹಿಡಿದು ಹೊಳೆಗೆ ಹೊಸ ನೀರು ಬಂದಿದೆ ಎಂದು ಕೇಳಿ ಸಂತೋಷವಾಯಿತು. ಇಲ್ಲಿ ಮಳೆಯ ಸುಳಿವೇ ಇಲ್ಲ. ನಲ್ಲಿ ತಿರುಗಿಸಿದರೆ ಬೆಳಗಿನ ಎಂಟಕ್ಕೇ ಕಾದ ನೀರು ಬರುತ್ತದೆ. ಹರಿಣಿ ಈಗ ಒಳಗೆ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಮಾತಾಡುವಾಗ ಅವಳು ಪಕ್ಕದಲ್ಲೇ ಕೂತಿರುತ್ತಾಳೆ. ತನ್ನ ವಿಷಯ ಮಾತಾಡುತ್ತಿದ್ದಾರೆ ಎನ್ನುವುದು ಅವಳಿಗೆ ಇನ್ನೂ ತಿಳಿಯುತ್ತದೆ, ತಿಳಿದು ತಲೆ ತಗ್ಗಿಸುತ್ತಾಳೆ.

ನಿನ್ನೆ ಶನಿವಾರ ಹನ್ನೊಂದೂವರೆಯ ಹೊತ್ತಿಗೆ ನಾನು ನಿಮಗೆ ಮೂರು ಸಲ ಫೋನ್ ಮಾಡಿದ್ದೆ. ನೀವು ಮಧ್ಯಾಹ್ನ ತಿರುಗಿ ಮಾಡಿದಾಗ, ಜೇಬಿನಲ್ಲಿ ಒತ್ತಿಹೋಗಿತ್ತು ಅಕ್ಕ, ಎಂದೆ. ಅದು ಸುಳ್ಳು. ಬೇಕೆಂದೇ ಮಾಡಿದ್ದೆ. ನೀವು ಎತ್ತಲಿಲ್ಲ ಎಂದು ದೂರುತ್ತಿಲ್ಲ, ಆ ಹೊತ್ತಿಗೆ ನೀವು ಮಠಕ್ಕೆ ಹೋಗಿರುತ್ತೀರಿ ಎಂದು ನನಗೆ ಗೊತ್ತಿರಬೇಕಿತ್ತು. ಯಾಕೆ ಮಾಡಿದ್ದೆ ಎನ್ನುವುದನ್ನು ಹೇಳುತ್ತೇನೆ.

ಅವಳಿಗೆ ಸ್ವಲ್ಪ ಮರೆವು ಎಂದು ನಿಮಗೆ ಹೇಳುತ್ತಾ ಬಂದಿದ್ದೇನೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ, ಕನ್ನಡಕ ಎಲ್ಲಿಟ್ಟಿದ್ದೇನೆ ಎಂದು ಹುಡುಕುತ್ತಾಳೆ, ಅಷ್ಟೇ ಎಂದೆ. ಅಷ್ಟೇ ಅಲ್ಲ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ನಾನು ಕಾರ್ಖಾನೆಯಿಂದ ಬರುವುದರೊಳಗೆ ಮನೆ ಬಾಗಿಲು ತೆರೆದಿಟ್ಟು ಎಲ್ಲಿಗೋ ಹೋಗಿಬಿಟ್ಟಿದ್ದಳು. ಎರಡು ಸೆಕ್ಟರ್ ಆಚೆ ಒಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಸ್ವೆಟರ್ ಕೂಡ ಇಲ್ಲದೆ ಕೂತಿದ್ದಳು. ಅಂದಿನಿಂದ ನಾನು ದಿನಾ ಹೊರಡುವಾಗ ಮಗುವಿಗೆ ಹೇಳಿದ ಹಾಗೆ ಹೇಳುತ್ತೇನೆ: ಯಾರು ಬಂದರೂ ಬಾಗಿಲು ತೆಗೆಯಬೇಡ, ನಾನು ಬರುವ ತನಕ ಚಿಲಕ ಹಾಕಿಕೊಂಡಿರು. ಹಗಲು ಅವಳ ಜೊತೆ ಇರಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೇನೆ. ಆಕೆಗೆ ಶನಿವಾರ, ಭಾನುವಾರ ರಜೆ.

ನಿನ್ನೆ ಅವಳ ಮಾತ್ರೆ ಮುಗಿದಿತ್ತು. ಮನೆಯಲ್ಲಿ ಒಬ್ಬಳನ್ನೇ ಬಿಡಲು ಧೈರ್ಯ ಬರದೆ ಕಾರಿನಲ್ಲಿ ಕರೆದುಕೊಂಡು ಹೋದೆ. ನಾವು ಮಾಮೂಲಾಗಿ ತೆಗೆದುಕೊಳ್ಳುವ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ, ದೂರದ ಮಾರ್ಕೆಟ್ಟಿಗೆ ಹೋಗಬೇಕಾಯಿತು. ಔಷಧಿ ಅಂಗಡಿಯ ಎದುರಿಗೇ ಜಾಗ ಸಿಕ್ಕಿತು. ಎರಡು ನಿಮಿಷದ ಕೆಲಸ, ಅವಳಿಗೆ ತಂಪಾಗಿರಲಿ ಎಂದು ಎಂಜಿನ್ ಆರಿಸದೆ, ಎಸಿ ಬಿಟ್ಟು ಇಳಿದೆ. ಇಳಿಯುವಾಗ ಅಭ್ಯಾಸಬಲದಿಂದ ಅದೇ ಮಾತು ಹೇಳಿದೆ. ಯಾರು ಬಂದರೂ ಬಾಗಿಲು ತೆಗೆಯಬೇಡ.

ತಿರುಗಿ ಬಂದಾಗ ಎಂಜಿನ್ ಸದ್ದು ಇರಲಿಲ್ಲ. ಸದ್ದು ಅವಳಿಗೆ ಸೇರುವುದಿಲ್ಲ, ಕೈ ಚಾಚಿ ಕೀ ತಿರುಗಿಸಿದ್ದಳು. ನನ್ನ ಕಡೆಯ ಬಾಗಿಲಿಗೆ ಬಾಗಿ ಗುಂಡಿಯನ್ನೂ ಒತ್ತಿದ್ದಳು. ಅದನ್ನು ಒತ್ತಿದರೆ ನಾಲ್ಕೂ ಬಾಗಿಲಿಗೆ ಒಟ್ಟಿಗೆ ಬೀಗ ಬೀಳುತ್ತದೆ. ಕಾರಿನ ಕೀ ಒಳಗೆ. ಅದೇ ಗೊಂಚಲಿನಲ್ಲಿ ಮನೆಯ ಕೀ. ಕಾರಿನ ಇನ್ನೊಂದು ಕೀ ಮನೆಯ ಬೀರುವಿನಲ್ಲಿ. ಯಾರನ್ನಾದರೂ ಮನೆಗೆ ಕಳಿಸೋಣವೆಂದರೆ ನಮ್ಮ ಮನೆಯ ಇನ್ನೊಂದು ಕೀ ಯಾರ ಹತ್ತಿರವೂ ಇಲ್ಲ. ಇಪ್ಪತ್ತಾರು ವರ್ಷ ಇದ್ದ ಊರಿನಲ್ಲಿ ಒಂದು ಕೀ ಕೊಟ್ಟಿಡುವಷ್ಟು ಹತ್ತಿರದವರನ್ನು ನಾವು ಸಂಪಾದಿಸಲಿಲ್ಲ ಎನ್ನುವುದು ಆ ಬಿಸಿಲಿನಲ್ಲಿ ನಿಂತಾಗ ಹೊಳೆಯಿತು. ಇಬ್ಬರಿಗೆ ಇಬ್ಬರು ಸಾಕು ಎಂದುಕೊಂಡೇ ಇದ್ದುಬಿಟ್ಟೆವು.

ಗಾಜು ತಟ್ಟಿದೆ. ಗುಂಡಿ ಮೇಲೆತ್ತು ಎಂದು ಕೈಯಲ್ಲಿ ತೋರಿಸಿದೆ. ಅವಳು ನನ್ನನ್ನು ನೋಡಿದಳು ಅಕ್ಕ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ನಿಂತ ಗಂಡಸನ್ನು ಹೆಂಗಸರು ನೋಡುತ್ತಾರಲ್ಲ, ಹಾಗೆ. ಸೆರಗು ಹೊದ್ದುಕೊಂಡು ಆಚೆ ಸರಿದಳು. ನಾನು ಇನ್ನೂ ಜೋರಾಗಿ ತಟ್ಟಿದೆ. ಅವಳ ತುಟಿ ಆಡಿತು. ಕಾದ ಗಾಜಿಗೆ ಕಿವಿಯಿಟ್ಟು ಕೇಳಿಸಿಕೊಂಡೆ. "ನಮ್ಮ ಮನೆಯವರು ಔಷಧಿ ಅಂಗಡಿಗೆ ಹೋಗಿದಾರೆ. ಅವರು ಬರೋ ತನಕ ತೆಗೆಯಲ್ಲ."

ಹರಿಣೀ, ನಾನೇ ಕಣೇ, ಎಂದೆ. ಎಷ್ಟು ಸಲ ಎಂದೆನೋ. ಹೇಳಿದಷ್ಟೂ ಅವಳಿಗೆ ಭಯ ಹೆಚ್ಚಾಯಿತು. ಅಷ್ಟರಲ್ಲಿ ಏಳೆಂಟು ಜನ ಸೇರಿದ್ದರು. ಎಲ್ಲರೂ ಹಿಂದಿಯಲ್ಲಿ ಕೂಗುತ್ತಿದ್ದರು, ಮಾತಾಜಿ, ಬಟನ್ ಉಠಾಯಿಯೇ, ಎಂದು. ಇಲ್ಲಿನ ಹೆಂಗಸರ ಜೊತೆ ತರಕಾರಿ ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಚೌಕಾಸಿ ಮಾಡುತ್ತಿದ್ದವಳಿಗೆ ಈಗ ಹಿಂದಿ ಪೂರಾ ಹೋಗಿಬಿಟ್ಟಿದೆ. ಕನ್ನಡವೊಂದೇ ಉಳಿದಿದೆ. ಆಗಲೇ ನಿಮಗೆ ಫೋನ್ ಮಾಡಿದ್ದು. ತಾಯಿ ಹೋದಮೇಲೆ ಆರು ವರ್ಷದ ತಂಗಿಯನ್ನು ನೀವು ಬೆಳೆಸಿದ್ದೀರಿ, ನಿಮ್ಮ ದನಿ ಕೇಳಿದರೆ ಬಾಗಿಲು ತೆಗೆದಾಳು ಎಂದು.

ಸ್ಕೂಟರಿನವನೊಬ್ಬ ಇಟ್ಟಿಗೆ ಹಿಡಿದು ಬಂದ, ಗಾಜು ಒಡೆದುಬಿಡೋಣ ಅಂಕಲ್, ಎಂದ. ಅವನು ಹೇಳಿದ್ದು ಸರಿಯೇ. ಒಳಗಿನ ಸೆಕೆ ಎಷ್ಟಿತ್ತೆಂದರೆ ಅವಳ ಹಣೆಯ ಕುಂಕುಮ ಬೆವರಿಗೆ ಮೂಗಿನ ಮೇಲೆ ಇಳಿಯುತ್ತಿತ್ತು. ಆದರೆ ಇಟ್ಟಿಗೆ ಕಂಡದ್ದೇ ತಡ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸೀಟಿನಲ್ಲಿ ಮುದುಡಿದಳು. ಒಡೆಯಿರಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಐದು ನಿಮಿಷ ಕೊಡಿ ಎಂದು ಬೇಡಿಕೊಂಡೆ. ಯಾರೋ ಓಡಿಹೋಗಿ ಬ್ಯಾಂಕಿನ ಗೇಟಿನ ಹತ್ತಿರ ಬೇವಿನ ಮರದಡಿ ಕೂರುವ ಚಾಬಿವಾಲಾನನ್ನು ಕರೆತಂದರು. ಬೀಗದ ಕೈ ಮಾಡಿಕೊಡುವವನು, ನನ್ನಷ್ಟೇ ವಯಸ್ಸು, ನಿಧಾನದ ಮನುಷ್ಯ. ಬಾಗಿಲಿನ ಮೇಲಂಚಿಗೆ ಒಂದು ಮರದ ಬೆಣೆ ಸಿಕ್ಕಿಸಿ ಬೆರಳು ತೂರುವಷ್ಟು ಸಂದು ಮಾಡಿದ. ಆ ಸಂದಿನಿಂದ ಉದ್ದನೆಯ ತಂತಿ ಒಳಗೆ ಬಿಟ್ಟು, ಅದರ ಕೊಕ್ಕೆಯಿಂದ ಗುಂಡಿಯನ್ನು ಮೇಲೆತ್ತುವುದು ಅವನ ಉಪಾಯ. ಎರಡು ಸಲ ಕೊಕ್ಕೆ ಗುಂಡಿಯ ತನಕ ಹೋಯಿತು. ಎರಡು ಸಲವೂ ಹರಿಣಿ ಚೀರಿ ತಂತಿಯನ್ನು ಹಿಡಿದು ಬಗ್ಗಿಸಿ ಮತ್ತೆ ಮುಖ ಮುಚ್ಚಿಕೊಂಡಳು.

ಚಾಬಿವಾಲಾ ಕೈ ನಿಲ್ಲಿಸಿದ. "ಸಾಬ್, ಮಾತಾಜಿ ಡರ್ ರಹೀ ಹೈ," ಎಂದ. ಹೆದರಿದವರು ಒಳಗಿದ್ದರೆ ಬೀಗ ತೆಗೆಯಲು ಆಗುವುದಿಲ್ಲ, ನೀವು ಏನಾದರೂ ಮಾತಾಡಿ, ನಾನು ಅಷ್ಟರಲ್ಲಿ ನೋಡುತ್ತೇನೆ, ಎಂದ. ಎಲ್ಲರನ್ನೂ ಹತ್ತು ಹೆಜ್ಜೆ ದೂರ ಕಳಿಸಿದ.

ಆ ಸಂದಿಗೆ ಬಾಯಿಟ್ಟು ನಿಂತೆ. ಏನು ಮಾತಾಡಲಿ? ನಾನೇ ನಿನ್ನ ಗಂಡ ಎಂದು ಹೇಳಿ ಹೇಳಿ ಸಾಕಾಗಿತ್ತು. ಅದನ್ನು ಬಿಟ್ಟುಬಿಟ್ಟೆ ಅಕ್ಕ. "ಅಮ್ಮಾ, ನಮಸ್ಕಾರ. ನಿಮ್ಮ ಮನೆಯವರು ನನ್ನನ್ನ ಕಳಿಸಿದಾರೆ," ಎಂದೆ.

ಅವಳು ಮುಖದಿಂದ ಕೈ ತೆಗೆದಳು. "ಅವರ ಹೆಸರೇನು ಹೇಳಿ ನೋಡೋಣ," ಎಂದಳು.

"ಸೋಮಶೇಖರ ಅಂತ. ಗೇರ್ ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಟರು."

"ಊರು?"

"ಹರಿಹರ. ನಂದೂ ಅದೇ ಕಡೆ."

ಅವಳು ಗಾಜಿನ ಕಡೆ ಸರಿದಳು. ಆಮೇಲೆ ಕೇಳಿದ್ದು ಇದು: "ಬಿಸಿಲಲ್ಲಿ ನಿಂತಿದಾರಾ ಅವರು? ತಲೆಗೆ ಏನಾದರೂ ಹಾಕ್ಕೊಂಡಿದಾರಾ?"

ನೆರಳಲ್ಲೇ ಕೂತಿದಾರೆ ಎಂದೆ. ಅಂಗಡಿಯಲ್ಲಿ ರಶ್ ಇದೆ, ಬರೋದು ತಡವಾಗತ್ತೆ, ನಿಮ್ಮನ್ನ ಮನೆಗೆ ಬಿಡೋಕೆ ಹೇಳಿದಾರೆ, ಈ ಭಯ್ಯಾ ಬಾಗಿಲು ತೆಗೀತಾರೆ, ತಂತಿ ಹಿಡೀಬೇಡಿ, ಎಂದೆಲ್ಲ ಹೇಳಿದೆ. ನನ್ನ ದನಿ ನನ್ನದೇ ಅನ್ನಿಸುತ್ತಿರಲಿಲ್ಲ. "ಹಾಗಾದ್ರೆ ಸರಿ," ಎಂದು ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಡಾಕ್ಟರ ಮುಂದೆ ಕೂತ ಹಾಗೆ ನೆಟ್ಟಗೆ ಕೂತಳು. ತಂತಿ ಮೂರನೆಯ ಸಲ ಒಳಗೆ ಹೋಯಿತು. ಟಕ್ ಎಂದಿತು. ಬಾಗಿಲು ತೆರೆದಾಗ ಬಂದ ಬಿಸಿಗಾಳಿಗೆ ಒಲೆಯ ಮುಂದೆ ಬಾಗಿದಂತಾಯಿತು. ಯಾರೋ ನೀರಿನ ಬಾಟಲಿ ಕೊಟ್ಟರು. ಅವಳು ಕುಡಿದಳು, ನಾನು ಅವಳ ಮುಖಕ್ಕೆ ನೀರು ಹಚ್ಚಲು ಹೋದಾಗ ಮಾತ್ರ ಬೇಡ, ನಾನೇ ಹಚ್ಕೊಳ್ತೀನಿ, ಎಂದಳು. ಪರಗಂಡಸು ನಾನು. ಚಾಬಿವಾಲಾ ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ನನ್ನ ಬೆನ್ನ ಮೇಲೆ ಕೈಯಿಟ್ಟ. ಅವನಿಗೆ ಕನ್ನಡ ಬಾರದಿದ್ದರೂ ಏನಾಯಿತೆಂದು ತಿಳಿದಿತ್ತು ಅನ್ನಿಸುತ್ತದೆ.

ದಾರಿಯುದ್ದಕ್ಕೂ ಅವಳು ನನ್ನನ್ನು ವಿಚಾರಿಸಿಕೊಂಡಳು. ನಿಮಗೆ ಮಕ್ಕಳೆಷ್ಟು ಎಂದಳು. ಇಲ್ಲ ಎಂದೆ. ನಮಗೂ ಇಲ್ಲ, ಆದರೆ ನಮ್ಮ ಮನೆಯವರು ಒಂದು ದಿನಾನೂ ಅದನ್ನ ಆಡಿ ತೋರಿಸಿಲ್ಲ, ಎಂದಳು. ಈ ಮಾತನ್ನು ಅವಳು ಯಾವತ್ತೂ ನನಗೆ ಹೇಳಿರಲಿಲ್ಲ. ಸ್ವಲ್ಪ ಮುಂಗೋಪಿ, ಆದರೆ ಕೋಪ ಬಂದರೆ ತಾವೇ ಹೋಗಿ ಟೀ ಮಾಡಿಕೊಂಡು ಬರ್ತಾರೆ, ಎಂದೂ ಹೇಳಿದಳು. ನಾನು ರಸ್ತೆ ನೋಡುತ್ತಾ ಹೂಂ, ಹೂಂ ಎನ್ನುತ್ತಿದ್ದೆ.

ಸಂಜೆ ಆರಕ್ಕೆ ನಿದ್ದೆಯಿಂದ ಎದ್ದು ಹೊರಗೆ ಬಂದವಳು ನನ್ನನ್ನು ನೋಡಿ, "ಎಲ್ಲಿಗೆ ಹೋಗಿದ್ರಿ ಇಷ್ಟು ಹೊತ್ತು?" ಎಂದಳು. ಔಷಧಿ ತರಲು ಎಂದೆ. ಯಾರೋ ನಮ್ಮ ಕಡೆಯವರು ಮನೆಗೆ ಬಿಟ್ಟುಹೋದರು, ಪಾಪ, ಅವರಿಗೆ ಒಂದು ಲೋಟ ಕಾಫಿನೂ ಕೊಡಲಿಲ್ಲ, ಎಂದು ಊಟದ ತನಕ ಪೇಚಾಡಿದಳು. ಆ ಹೊತ್ತು ನಾನು ಅವಳ ಗಂಡನಾಗಿದ್ದೆ. ಇವತ್ತು ಬೆಳಿಗ್ಗೆಯೂ ಆಗಿದ್ದೆ. ನಾಳೆಯದು ಗೊತ್ತಿಲ್ಲ.

ಅವಳು ಎದ್ದ ಸದ್ದಾಗುತ್ತಿದೆ. ಭಾವನವರಿಗೆ ನಮಸ್ಕಾರ ತಿಳಿಸಿ, ಗುರುರಾಜನ ಮಕ್ಕಳಿಗೆ ಆಶೀರ್ವಾದ. ದಯವಿಟ್ಟು ಮಹಡಿ ಹತ್ತಬೇಡಿ.

ನಿಮ್ಮ
ಸೋಮಶೇಖರ

ಮತ್ತೆ: ಅವಳು ಬಚ್ಚಲಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಇದು ಯಾವ ಕಾಯಿಲೆ, ಮುಂದೆ ಏನಾಗುತ್ತದೆ ಎಂದು ಡಾಕ್ಟರು ಫೆಬ್ರವರಿಯಲ್ಲೇ ಹೇಳಿದ್ದರು. ನಿಮ್ಮಿಂದ ಮುಚ್ಚಿಟ್ಟೆ. ತಿಳಿದರೆ ನೀವು ಬಂದು ಅವಳನ್ನು ಕರೆದುಕೊಂಡು ಹೋಗುತ್ತೀರಿ ಎಂಬ ಭಯ ನನಗೆ. ಈಗ ನಾನೇ ಕೇಳುತ್ತಿದ್ದೇನೆ, ಬನ್ನಿ, ಕರೆದುಕೊಂಡು ಹೋಗಿ. ಹಗಲೆಲ್ಲ ಕನ್ನಡ ಕಿವಿಗೆ ಬೀಳುವ ಮನೆಯಲ್ಲಿ ಅವಳು ಇರಲಿ. ನನ್ನ ಸರ್ವಿಸ್ ಇನ್ನು ಎಂಟು ತಿಂಗಳು, ಮುಗಿದ ದಿನವೇ ಹೊರಟು ಬರುತ್ತೇನೆ. ಅಷ್ಟು ಹೊತ್ತಿಗೆ ಅವಳಿಗೆ ನಾನು ಯಾರೆಂದು ತಿಳಿಯದೇ ಹೋದರೆ, ಹೆಣ್ಣು ನೋಡಲು ಬಂದ ದಿನ ನಿಮ್ಮ ಪಡಸಾಲೆಯಲ್ಲಿ ಮಾಡಿಕೊಟ್ಟ ಹಾಗೆ, ನೀವೇ ಇನ್ನೊಂದು ಸಲ ಪರಿಚಯ ಮಾಡಿಕೊಡಿ.