ಗುಟ್ಟಿನ ಕಲ್ಲುಗುಡ್ಡೆ

ಟೆನೆಸ್ಸಿ, ಜನವರಿ

ಭಾವ,

ಚಳಿಗಾಲದಲ್ಲಿ ಬಾಸ್ ಮೀನು ಹಿಡಿಯುವುದು ಹೇಗೆಂದು ಕೇಳಿದ್ದಿರಿ. ಕೊರೆಯುವ ನೀರಲ್ಲಿ ಮೀನು ಜಡ, ಆದ್ದರಿಂದ ಅವಸರ ಬೇಡ. ತೆಳು ದಾರಕ್ಕೆ ಸಣ್ಣ ಕಂದು ರಬ್ಬರ್ ಹುಳ ಕಟ್ಟಿ, ಆಳದ ಕಲ್ಲುಗಳ ಮೇಲೆ ಬಿಟ್ಟು ಸುಮ್ಮನಿರಿ. ಗಾಳದ ಕೋಲಿನಲ್ಲಿ ದಾರ ಹಾಯುವ ಉಂಗುರಗಳಲ್ಲಿ ಹಿಮ ಕಟ್ಟಿದರೆ ಕೋಲನ್ನೇ ನೀರಿಗೆ ಅದ್ದಿ, ಕರಗುತ್ತದೆ.

ಇದನ್ನೆಲ್ಲ ನನ್ನ ಜೊತೆ ದೋಣಿಯಲ್ಲಿ ಮೀನು ಹಿಡಿಯುವ ವೆಂಡೆಲ್‌ಗೂ ಕಲಿಸಿದ್ದೆ. ಕೆರೆಯ ತಳದಲ್ಲಿ ನಾನೇ ಪತ್ತೆಮಾಡಿದ, ಮೀನು ಸೇರುವ ಕಲ್ಲುಗುಡ್ಡೆಯನ್ನೂ ತೋರಿಸಿದ್ದೆ. ಅಂಥ ಜಾಗವನ್ನು ಇಲ್ಲಿ ಹೆಂಡತಿಗೂ ಹೇಳುವುದಿಲ್ಲ, ದೋಣಿಯ ಜೊತೆಗಾರನಿಗೆ ಮಾತ್ರ. ನಿನ್ನೆ ಮೀನು ಹಿಡಿಯುವ ಜೋಡಿ ಪಂದ್ಯಕ್ಕೆ ಹೋದರೆ ದೋಣಿಯಲ್ಲಿ ನನ್ನ ಸೀಟಿನಲ್ಲಿ ವೆಂಡೆಲ್‌ನ ಅಳಿಯ ಟ್ರೆಂಟ್ ಕೂತಿದ್ದ.

"ಬೇಜಾರ್ ಮಾಡ್ಕೋಬೇಡ ಮಾರಾಯ, ಮಗಳು ಹಟ ಹಿಡಿದ್ಳು. ಹೆಂಗೂ ನಿಂಗೆ ಕೆಮ್ಮು," ಎಂದ ವೆಂಡೆಲ್.

ಮೊದಲ ಬಹುಮಾನ ಅವರಿಗೇ ಬಂತು. ಮೀನು ತೂಗುವಾಗ ಮೈಕಿನವನು, "ಎಲ್ಲಿ ಹಿಡಿದ್ರಪ್ಪಾ ಇವನ್ನ?" ಎಂದು ಕೇಳಿದ.

"ನಮ್ಮಳಿಯ ಹುಡುಕಿದ ಜಾಗ. ಹೇಳೋಕೆ ನಂಗೇನ್ ಹುಚ್ಚಾ?" ಎಂದು ವೆಂಡೆಲ್ ನನ್ನೆದುರೇ ನಕ್ಕ.

ಕೆಮ್ಮು ಕಮ್ಮಿ, ಅಕ್ಕನಿಗೆ ತಿಳಿಸಿ. ಇವತ್ತು ಬೆಳಿಗ್ಗೆ ನನ್ನ ಗಾಳದಂಗಡಿಯ ಹಲಗೆಯ ಮೇಲೆ ಆ ಕಲ್ಲುಗುಡ್ಡೆಗೆ ದಾರಿ ಬರೆದು ಹಾಕಿದೆ. ಈಗ ಅಲ್ಲಿ ದೋಣಿಗಳ ಸಂತೆ ನೆರೆದಿದೆ. ಇನ್ನು ವೆಂಡೆಲ್‌ಗೆ ಅಲ್ಲಿ ಒಂದು ಮೀನೂ ಸಿಗದು. ನನಗೂ ಸಿಗದು.

ನಿಮ್ಮ ಭೂಷಣ