ಹರಾಜಿನವರ ದನಿ

ಫೆಬ್ರವರಿ 4, ಮಂಗಳವಾರ

ಮತ್ತೆ ಅದೇ ಫ್ಯಾನಿನ ಗುಂಯ್. ಆಫ್ ಮಾಡಿದರೆ ಉಸಿರು ಕಟ್ಟುತ್ತದೆ, ಹಾಕಿದರೆ ರೆಕಾರ್ಡಿಂಗ್ ತುಂಬ ಅದೇ ಸದ್ದು. ಮಾತಿನ ಚಿಕಿತ್ಸೆಗೆಂದು ಹಿಡಿದ ಕೋಣೆ, ಒಂದು ಕಿಟಕಿಯೂ ಇಲ್ಲ.

ಇವತ್ತು ಬಂದವರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಗಂಟಲ ಕ್ಯಾನ್ಸರ್. ಮುಂದಿನ ವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಷ್ಟರೊಳಗೆ ಅವರ ಮಾತುಗಳನ್ನು ಹಿಡಿದಿಡಬೇಕು. ಆಮೇಲೆ ಮೊಬೈಲ್ ಒತ್ತಿದರೆ ಅವರ ದನಿಯೇ ಬರುವಂತೆ. ನಾನು ಬರೆದುಕೊಟ್ಟಿದ್ದನ್ನು ಓದಿದರು: ನೀರು ಬೇಕು, ನೋವಿದೆ, ಬಾಗಿಲು ಹಾಕಿ. ಹಾಳೆ ಪಕ್ಕಕ್ಕಿಟ್ಟರು.

"ಇಷ್ಟೇ ಆದರೆ ಕೈಸನ್ನೆ ಸಾಕಲ್ಲ ಮೇಡಂ. ಜಗಳ ಆಡೋದು ಬೇಡವಾ?"

ಹೊರಗೆ ಕೂತಿದ್ದ ಹೆಂಡತಿ ಅಲ್ಲಿಂದಲೇ ಅಂದರು, "ಅದೊಂದು ರೆಕಾರ್ಡ್ ಮಾಡಬೇಡಿ, ನಿಮಗೆ ಪುಣ್ಯ ಬರುತ್ತೆ."

ಜಗಳವನ್ನೂ ರೆಕಾರ್ಡ್ ಮಾಡಿಕೊಂಡೆ. ದನಿ ಒಡೆದಿದೆ. ಕೂಗಿನ ಗತ್ತು ಮಾತ್ರ ಹಾಗೇ ಇದೆ.

ಫೆಬ್ರವರಿ 6

ಭಾವ ಬಂದಿದ್ದರು. ಅಕ್ಕನ ಗಂಡ. ಕ್ಲಿನಿಕ್ಕಿನ ಕಂಪ್ಯೂಟರ್ ನೋಡಿಕೊಳ್ಳುವುದು ಅವರೇ. ಫ್ಯಾನಿನ ಸದ್ದು ತೆಗೆಯುವ ಸಾಫ್ಟ್‌ವೇರ್ ಕೇಳಿದ್ದೆ. ಅಸಲಿಯ ಬೆಲೆ ನೋಡಿ ನಕ್ಕುಬಿಟ್ಟರು. ಯಾವುದೋ ಸೈಟಿನಿಂದ ಕ್ರ್ಯಾಕ್ ಮಾಡಿದ ಪುಕ್ಕಟೆ ನಕಲನ್ನು ಇಳಿಸಿದರು. ಆ್ಯಂಟಿವೈರಸ್ ಕೆಂಪಗೆ ಎಚ್ಚರಿಕೆ ತೋರಿಸಿತು. ಅದನ್ನೇ ನಿಲ್ಲಿಸಿದರು.

"ಯಾಕೆ ಆಫ್ ಮಾಡ್ತೀರಿ ಭಾವ?"

"ಕ್ರ್ಯಾಕ್ ಅಂದರೆ ಅದು ಹಾಗೇ ಬಡ್ಕೊಳ್ಳುತ್ತೆ. ಆಫ್ ಮಾಡಿ ಅಂತ ಅವರೇ ಬರೆದಿದ್ದಾರೆ, ನೋಡು."

ಅವರು ಅಂದರೆ ಯಾರು ಎಂದು ಕೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಸಾಕಾಗಿತ್ತು.

ಫ್ಯಾನಿನ ಸದ್ದು ಮಾತ್ರ ಮಾಯ.

ಫೆಬ್ರವರಿ 8

ಹರಾಜಿನವರ ಕೊನೆಯ ಸರದಿ. ಮೊಮ್ಮಗಳನ್ನು ಕರೆಯುವುದು, ಫೋನ್ ಎತ್ತಿದಾಗಿನ ಹಲೋ, ನಗು. ನಗು ಬೇಕೆಂದವರು ಹೆಂಡತಿ. ನಗಿ ಎಂದರೆ ನಗು ಬರುವುದೆಲ್ಲಿ? ಕೊನೆಗೆ ಅವರೇ ಒಳಗೆ ಬಂದು ಗಂಡನ ಕಿವಿಯಲ್ಲಿ ಏನೋ ಹೇಳಿದರು. ಇವರು ನಕ್ಕರು, ಕೆಮ್ಮಿದರು... ಎರಡನ್ನೂ ಇಟ್ಟುಕೊಂಡೆ.

ಎಲ್ಲ ಸರಿಮಾಡಿ ಮೊಬೈಲ್‌ಗೆ ಹಾಕಿಕೊಡುತ್ತೇನೆ ಎಂದೆ. ರೆಕಾರ್ಡರ್ ಖಾಲಿ ಮಾಡಿದೆ, ಮುಂದಿನವರಿಗೆ ಜಾಗ ಬೇಕು. ಕಂಪ್ಯೂಟರಿನಲ್ಲಿದೆ, ಬ್ಯಾಕಪ್ ಡ್ರೈವ್‌ನಲ್ಲೂ ಇದೆ.

ಫೆಬ್ರವರಿ 12, ಬೆಳಿಗ್ಗೆ

ಒಂದು ಫೈಲೂ ತೆರೆಯುತ್ತಿಲ್ಲ. ಪರದೆಯ ತುಂಬ ಒಂದೇ ಸೂಚನೆ — ಬೀಗ ಹಾಕಿದ್ದೇವೆ, ಹಣ ಕಳಿಸಿದರೆ ತೆಗೆಯುತ್ತೇವೆ. ಬ್ಯಾಕಪ್ ಡ್ರೈವ್ ಸದಾ ಕಂಪ್ಯೂಟರಿಗೇ ಚುಚ್ಚಿರುತ್ತಿತ್ತು. ಅದಕ್ಕೂ ಬೀಗ.

ಆಪರೇಷನ್ ಇವತ್ತೇ. ಸ್ವಲ್ಪ ಹೊತ್ತು ಸಿಕ್ಕರೂ ಸಾಕು, ಆಸ್ಪತ್ರೆಗೇ ಹೋಗಿ ಮತ್ತೆ ಹಿಡಿಯಬಹುದು. ಫೋನ್ ಮಾಡಿದೆ. ಹೆಂಡತಿ ಎತ್ತಿದರು.

"ಈಗಷ್ಟೇ ಒಳಗೆ ಕರ್ಕೊಂಡು ಹೋದರು. ಯಾಕೆ ಮೇಡಂ?"

"ಏನಿಲ್ಲ... ವಿಚಾರಿಸೋಣ ಅಂತ."

ಫೆಬ್ರವರಿ 13

ಕಂಪ್ಯೂಟರ್ ರಿಪೇರಿಯವರು ಬಹಳ ಹೊತ್ತು ಕೂತು ನೋಡಿದರು.

"ವೈರಸ್ ಆ ಕ್ರ್ಯಾಕ್ ಜೊತೇಲೇ ಬಂದಿದೆ. ಸುಮ್ಮನಿದ್ದು ಎಲ್ಲ ನೋಡ್ಕೊಂಡು ಆಮೇಲೆ ಬೀಗ ಹಾಕಿದೆ. ಪೇಷಂಟ್‌ಗಳ ವಿವರಾನೂ ಆಚೆ ಹೋಗಿರಬಹುದು."

"ಬಿಡಿಸೋಕೆ ಆಗಲ್ವಾ?"

"ಇದಕ್ಕೆ ಇನ್ನೂ ಯಾರ ಹತ್ರಾನೂ ಕೀಲಿ ಇಲ್ಲ. ದುಡ್ಡು ಕೊಟ್ಟರೂ ಅವರು ತೆಗೀತಾರೆ ಅನ್ನೋ ಗ್ಯಾರಂಟಿ ಇಲ್ಲ."

ಭಾವ ಗೋಡೆಗೆ ಒರಗಿ ನಿಂತಿದ್ದರು. ಅವರೊಬ್ಬರನ್ನೇ ಬೈಯುವುದು ಹೇಗೆ? ಪಕ್ಕದಲ್ಲೇ ನಿಂತು ನೋಡಿದವಳು ನಾನು.

ಫೆಬ್ರವರಿ 21

ಇವತ್ತು ವಾರ್ಡಿಗೆ ಹೋಗಿ ಹೇಳಿದೆ. ಸುತ್ತಿ ಬಳಸಿ ಅಲ್ಲ, ನೇರವಾಗಿ. ನಮ್ಮ ತಪ್ಪು, ಎಲ್ಲ ಹೋಯಿತು ಎಂದೆ. ಮನೆಯಲ್ಲಿ ಹಳೆಯ ವಿಡಿಯೊ ಏನಾದರೂ ಇದೆಯೇ ಎಂದು ಕೇಳಿದೆ. ಇರುವ ಒಂದೆರಡರಲ್ಲಿ ವಿಡಿಯೊ ಹಿಡಿದವರೇ ಮಾತಾಡುತ್ತಾರಂತೆ, ಇವರು ಕೈ ಬೀಸುತ್ತಾರಂತೆ.

ಹರಾಜಿನವರು ಮೊಬೈಲ್‌ನಲ್ಲಿ ಟೈಪ್ ಮಾಡಿ ತೋರಿಸಿದರು. ನಗುವೂ?

ಹೌದೆಂದು ತಲೆಯಾಡಿಸಿದೆ.

"ಹೋಗಲಿ ಬಿಡಿ ಮೇಡಂ, ಜಗಳ ತಪ್ಪಿತಲ್ಲ," ಎಂದು ಹೆಂಡತಿ ಹೊದಿಕೆ ಸರಿಮಾಡಿದರು. ಸರಿಯಾಗಿಯೇ ಇತ್ತು. ಮತ್ತೆ ಸರಿಮಾಡಿದರು.

ಮಾರ್ಚ್ 2

ಉಳಿದ ಪೇಷಂಟ್‌ಗಳಿಗೆಲ್ಲ ಫೋನ್. ನಿಮ್ಮ ವಿವರ ಕಳುವಾಗಿರಬಹುದು, ಯಾರಾದರೂ ನಮ್ಮ ಹೆಸರಲ್ಲಿ ಕೇಳಿದರೆ ಏನೂ ಕೊಡಬೇಡಿ. ಹೇಳಿ ಹೇಳಿ ನನ್ನ ಗಂಟಲೇ ಕಟ್ಟಿದೆ. ಭಾವ ಅರ್ಧ ಹಂಚಿಕೊಂಡರು, ಪಾಪ. ಬೈಸಿಕೊಂಡರೂ ಫೋನ್ ಇಡಲಿಲ್ಲ.

ಮಾರ್ಚ್ 19, ಸಂಜೆ

ಹರಾಜಿನವರು ಬಂದಿದ್ದರು. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರದಲ್ಲಿ ಮೊದಲ ಪಾಠ. ಏರಿಲ್ಲ, ಇಳಿವಿಲ್ಲ, ಯಾರು ಹಿಡಿದರೂ ಹೆಚ್ಚುಕಡಿಮೆ ಒಂದೇ ದನಿ. ಮೊದಮೊದಲು ಬರೀ ಗೊರಗೊರ. ಬೆವರಿದರು, ಬಿಡಲಿಲ್ಲ. ನಾನು ಹೇಳಿಕೊಟ್ಟ ಪದಗಳನ್ನು ಬಿಟ್ಟು ತಮ್ಮದೇ ಒಂದು ಮಾತು ಶುರುಮಾಡಿದರು. ಆಮೇಲೆ ಒಂದೊಂದೇ ಅಕ್ಷರ, ಸ್ಪಷ್ಟವಾಗಿ —

"ಬಾ, ಮನೆಗೆ ಹೋಗೋಣ."

ಮುಖ ಅರಳಿತು. ಬಾಗಿಲ ಕಡೆ ನೋಡಿದರು.

ಹೊರಗಿನಿಂದ ಹೆಂಡತಿ, "ಮೇಡಂ, ಒಳಗೆ ಇನ್ಯಾರು ಬಂದರು?"

ಅವರ ಕೈ ಕತ್ತಿನಿಂದ ಇಳಿಯಿತು. ನಾನೆದ್ದು ಬಾಗಿಲು ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಅವರು ಮತ್ತೆ ಯಂತ್ರವನ್ನು ಕತ್ತಿಗೆ ಒತ್ತಿ, ಒಂದೊಂದೇ ಅಕ್ಷರವಾಗಿ, "ನಾನೇ ಕಣೇ" ಎಂದರು.